ಬೆಟ್ಟ ಹತ್ತಿದ ಒರಳುಗುಂಡು

ಹಿಂದೂಪುರದ ಶ್ರೀರಾಮುಲುವಿಗೆ ಬಂದ ತಾಪತ್ರಯವೆಲ್ಲ ಒಂದು ಜೊತೆ ಬೂಟಿನಿಂದ ಶುರುವಾಯಿತು. ಬೂಟು ಅರ್ಧ ಬೆರಳು ಚಿಕ್ಕದಿತ್ತು. ನಾಲ್ಕು ದಿನ ನಡೆದರೆ ತಾನೇ ಬಿಡುತ್ತೆ ಅಂತ ಅಂಗಡಿಯವನು ಹೇಳಿದ. ಯಾರು ಏನು ಹೇಳಿದರೂ ನಂಬುವುದು ಶ್ರೀರಾಮುಲುವಿನ ಹುಟ್ಟುಗುಣ. ನಂಬಿದ, ಕೊಂಡ.

ಬೂಟು ಯಾತಕ್ಕೆ ಅನ್ನುವುದನ್ನು ಮೊದಲು ಹೇಳಬೇಕು. ಶ್ರೀರಾಮುಲು ನೇಕಾರರ ಸೊಸೈಟಿಯಲ್ಲಿ ಗುಮಾಸ್ತ. ಹದಿನೈದು ವರ್ಷ ಸೀರೆ ಮಡಚಿ, ಚೀಟಿ ಅಂಟಿಸಿ, ಕಪಾಟಿಗೆ ಇಟ್ಟವನು. ಎಂಬತ್ತಾರನೇ ಇಸವಿಯ ಬೇಸಿಗೆಯಲ್ಲಿ ಪೇಪರಿನಲ್ಲಿ ಒಂದು ಪ್ರಕಟಣೆ ನೋಡಿದ. ಬೆಂಗಳೂರಿನ ಒಂದು ಸಂಘದವರು ಹದಿನೈದು ಜನರನ್ನು ಹಿಮಾಲಯ ಹತ್ತಿಸಿಕೊಂಡು ಬರುತ್ತಾರಂತೆ. ದಾರಿ ತೋರಿಸಲು ಗೈಡು, ಮಲಗಲು ಡೇರೆ, ಊಟ ತಿಂಡಿ ಎಲ್ಲ ಅವರದೇ. ಹುಟ್ಟಿದಾಗಿನಿಂದ ಹಿಮ ಅಂದರೆ ಐಸ್‌ಕ್ಯಾಂಡಿ ಡಬ್ಬಿಯ ಒಳಗೋಡೆ ಮಾತ್ರ ಕಂಡಿದ್ದ ಮನುಷ್ಯ, ಅವತ್ತೇ ಕಾಗದ ಬರೆದ.

ಉತ್ತರ ಬಂತು. ಮೇಲ್ಗಡೆ ಬೆಳ್ಳಗಿನ ಒಂದು ಬೆಟ್ಟದ ಚಿತ್ರ, ಕೆಳಗಡೆ ನಿಯಮಗಳು, ಹಿಂದುಗಡೆ ತುಂಬಿ ಕಳಿಸುವ ಫಾರಂ. ಹತ್ತು ಕಿಲೋ ಭಾರ ಹೊತ್ತು ತಮ್ಮ ಸೀಮೆಯ ಒಂದು ಬೆಟ್ಟವನ್ನು ಎರಡು ಗಂಟೆಯೊಳಗೆ ಹತ್ತಿ ಇಳಿಯಬೇಕು. ಡಾಕ್ಟರು ಗಡಿಯಾರ ನೋಡಿ, ನಾಡಿ ಹಿಡಿದು ಸರ್ಟಿಫಿಕೇಟು ಕೊಡಬೇಕು. ಕಣ್ಣಾರೆ ಕಂಡ ಇಬ್ಬರು ಸಹಿ ಹಾಕಬೇಕು. ಹತ್ತುವ ಮುಂಚೆ ಏನೂ ತಿನ್ನಬಾರದು, ಹತ್ತುವಾಗ ಮಾತಾಡಬಾರದು, ನಡುವೆ ಕೂರಬಾರದು. ಫಾರಂ ಶುಕ್ರವಾರದ ಟಪಾಲಿಗೆ ಬೀಳಬೇಕು, ತಪ್ಪಿದರೆ ಸೀಟು ಬೇರೆಯವರಿಗೆ. ಹನ್ನೆರಡನೇ ತಾರೀಕು ಬೆಂಗಳೂರಿನಿಂದ ಹೊರಡುವುದು. ಹೆಸರು ಕೊಟ್ಟವರಿಗೆ ಆಗದಿದ್ದರೆ ಅವರ ಮನೆಯ ಇನ್ನೊಬ್ಬರು ಇದೇ ಪರೀಕ್ಷೆ ಮುಗಿಸಿ ಬರಬಹುದು ಅಂತ ಕೊನೆಯಲ್ಲಿ ಒಂದು ಸಾಲಿತ್ತು. ಆ ಸಾಲನ್ನು ಶ್ರೀರಾಮುಲು ಓದಿ ಮರೆತ.

ಹಿಂದೂಪುರದ ಸುತ್ತ ಹತ್ತಿದರೆ ಸೊಸೈಟಿಯವರೆಲ್ಲ ನೋಡಿ ನಗುತ್ತಾರೆ. ಅವನ ಜೊತೆ ಓದಿದ ರಾಮಲಿಂಗಯ್ಯ ಕಲ್ಯಾಣದುರ್ಗದಲ್ಲಿ ಡಾಕ್ಟರು. ಊರ ಪಕ್ಕದಲ್ಲೇ ಬೆಟ್ಟ, ಬೆಟ್ಟದ ಮೇಲೆ ಅಮ್ಮನ ಗುಡಿ. ಹೆಂಡತಿ ಸುವರ್ಣಮ್ಮನ ತವರೂ ಅಲ್ಲೇ. ಆದರೆ ಆ ಮನೆಯಲ್ಲಿ ಹಿಮಾಲಯ ಅನ್ನುವ ಹೆಸರು ಎತ್ತುವ ಹಾಗಿರಲಿಲ್ಲ. ಮಾವ ಜಯರಾಮಪ್ಪನ ಅಣ್ಣ ಕೊಂಡಪ್ಪ ಮೂವತ್ತು ವರ್ಷದ ಹಿಂದೆ ಹಿಮಾಲಯ ನೋಡಿಕೊಂಡು ಬತ್ತೀನಿ ಅಂತ ಹೋದವನು ಇನ್ನೂ ಬಂದಿರಲಿಲ್ಲ.

"ನಮ್ಮಪ್ಪನ ಕಿವಿಗೆ ಬಿತ್ತೋ, ನಿಮ್ಮನ್ನ ಹಿಮಾಲಯಕ್ಕಿರ್ಲಿ, ಬಸ್ ಸ್ಟ್ಯಾಂಡಿಗೂ ಬಿಡಾಕಿಲ್ಲ" ಅಂತ ಸುವರ್ಣಮ್ಮ ಹೇಳಿ ಕಳಿಸಿದಳು.

ಶುಕ್ರವಾರ ಮೊದಲನೇ ಬಸ್ಸಿಗೆ ಶ್ರೀರಾಮುಲು ಹೊರಟ. ಮಾವನ ಮನೆ ಸೇರಿದಾಗ ಮಾವ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಆಫೀಸಿನ ಕೆಲಸ ಅಂದಾಗ ಹೂಂ ಅಂದು ಲಾಳಿ ಎಳೆದ. ಅತ್ತೆ ಸರಸ್ವತಮ್ಮ ತಟ್ಟೆ ತುಂಬ ಉಗ್ಗಾಣಿ ತಂದಿಟ್ಟಳು. ಇವತ್ತು ಏನೂ ತಿನ್ನೋ ಹಂಗಿಲ್ಲ ಅತ್ತೆ ಅಂತ ಶ್ರೀರಾಮುಲು ತಟ್ಟೆ ಸರಿಸಿದ. ಅವನ ಜೇಬಿನಿಂದ ಇಣುಕಿದ್ದ ಕಾಗದ ಆಕೆಯ ಕಣ್ಣಿಗೆ ಬಿತ್ತು.

"ಇದೇನಪ್ಪ, ಇಷ್ಟೊಂದು ಹತ್ತಿ ರಾಶಿ ಹಾಕವ್ರೆ?"

"ಹತ್ತಿ ಅಲ್ಲ ಅತ್ತೆ. ಮಂಜು. ಆಕಾಶದಿಂದ ಉದುರಿ ಹಂಗೇ ಬಿದ್ದಿರ್ತದೆ."

ಸರಸ್ವತಮ್ಮ ಸೆರಗಿಗೆ ಕೈ ಒರೆಸಿಕೊಂಡು ಆ ಚಿತ್ರವನ್ನು ಎರಡು ಕೈಯಲ್ಲೂ ಹಿಡಿದು ನೋಡಿದಳು. ಒಲೆಯ ಮೇಲಿನ ಹಾಲು ಉಕ್ಕಿದ ಮೇಲೇ ವಾಪಸು ಕೊಟ್ಟಳು.

ಭಾರಕ್ಕೆ ಏನು ಹೊರುವುದು ಅಂತ ಶ್ರೀರಾಮುಲು ಹಿತ್ತಲು ಹುಡುಕಿದ. ತೊಳೆದಿಟ್ಟಿದ್ದ ಒರಳುಗುಂಡು ಸಿಕ್ಕಿತು. ಎತ್ತಿ ನೋಡಿದ, ಹತ್ತು ಕಿಲೋ ಸರಿಯಾಗಿತ್ತು. ಬೆನ್ನಿಗೆ ಕಟ್ಟಿಕೊಳ್ಳಲು ಬಟ್ಟೆ ಕೇಳಿದಾಗ ಅತ್ತೆಯ ಕೈಗೆ ಸಿಕ್ಕಿದ್ದು ಅರಿಶಿನದಲ್ಲಿ ಅದ್ದಿದ ಪಂಚೆ. ಸಂಜೆಯೊಳಗೆ ಗುಂಡು ವಾಪಸು ಬರಬೇಕು, ನಾಳೆ ಅಳಿಯಂದಿರಿಗೇ ದೋಸೆ ಮಾಡಬೇಕು ಅಂತ ಆಕೆ ಎರಡು ಸಲ ಹೇಳಿದಳು.

ಬೆಟ್ಟದ ಬುಡದ ಬೇವಿನ ಮರದ ಕೆಳಗೆ ಡಾಕ್ಟರು ರಾಮಲಿಂಗಯ್ಯ ಗಡಿಯಾರ ನೋಡಿ ಹೊರಡು ಅಂದರು. ಅವರು ಒಂದು ಖಡಕ್ಕು ಪ್ರಾಣಿ. ಸ್ನೇಹ ಬೇರೆ, ಸಹಿ ಬೇರೆ ಅನ್ನುವವರು.

ನಲವತ್ತು ಮೆಟ್ಟಿಲಿಗೆ ಬೂಟು ಕಚ್ಚಿತು. ಅರವತ್ತಕ್ಕೆ ಬೆರಳುಗಳು ಒಂದರ ಮೇಲೊಂದು ಹತ್ತಿ ಕೂತವು. ನಿಂತುಕೊಂಡೇ ಬೂಟು ಕಿತ್ತು, ದಾರ ಗಂಟು ಹಾಕಿ ಕೊರಳಿಗೆ ನೇತುಹಾಕಿಕೊಂಡು, ಬರಿಗಾಲಲ್ಲಿ ಮುಂದೆ ನಡೆದ. ಹೂ ಮಾರುವ ಪೋಲಮ್ಮ ಇದನ್ನು ಕಂಡಳು. ಜಯರಾಮಪ್ಪನ ಅಳಿಯ ಅಲ್ವೇನಪ್ಪ, ಏನು ತಿಂದೆ, ಎತ್ತ ಹೊರಟೆ ಅಂತ ಕೇಳಿದಳು. ಮಾತಾಡಬಾರದಲ್ಲ. ಶ್ರೀರಾಮುಲು ಹೊಟ್ಟೆ ಮುಟ್ಟಿ, ಇಲ್ಲ ಅಂತ ಕೈ ಆಡಿಸಿ, ಬೆಟ್ಟದ ತುದಿ ತೋರಿಸಿದ.

ಪೋಲಮ್ಮನ ಕೈಯ ಹೂವಿನ ಮೊಳ ಜಾರಿತು.

ಆ ಸೀಮೆಯಲ್ಲಿ ಒಂದು ಹರಕೆ ಉಂಟು. ಅಮ್ಮನಲ್ಲಿ ಏನಾದರೂ ದೊಡ್ಡದು ಕೇಳಿಕೊಂಡವರು ಶುಕ್ರವಾರ ಬರಿಹೊಟ್ಟೆಯಲ್ಲಿ, ಬರಿಗಾಲಲ್ಲಿ, ಬಾಯಿ ಬಿಡದೆ, ಅರಿಶಿನದ ಬಟ್ಟೆಯಲ್ಲಿ ಕಲ್ಲು ಹೊತ್ತು ಬೆಟ್ಟ ಹತ್ತುತ್ತಾರೆ. ಕಂಡವರು ಅವರ ಕಾಲಿಗೆ ನೀರು ಹುಯ್ಯಬೇಕು. ಏಳು ವರ್ಷದಿಂದ ಯಾರೂ ಆ ಹರಕೆ ಹೊತ್ತಿರಲಿಲ್ಲ. ಪೋಲಮ್ಮ ಹೂವಿಗೆ ಚಿಮುಕಿಸುವ ನೀರನ್ನು ಅವನ ಪಾದಕ್ಕೆ ಸುರಿದು, ಅಡ್ಡಬಿದ್ದು, ಎದ್ದು ಊರ ಕಡೆ ಓಡಿದಳು.

ನೂರನೇ ಮೆಟ್ಟಿಲಿಗೆ ಇಪ್ಪತ್ತು ಜನ, ಇನ್ನೂರನೇ ಮೆಟ್ಟಿಲಿಗೆ ಅರ್ಧ ಊರು, ಅದರ ಮೇಲೆ ಉರುಮೆ ಬಾರಿಸುವವರು ಬೇರೆ. ಒಬ್ಬೊಬ್ಬರೂ ಚೊಂಬು ಚೊಂಬು ನೀರು ಸುರಿದು ಮೆಟ್ಟಿಲು ಸಾಬೂನು ಹಚ್ಚಿದ ಹಾಗೆ ಜಾರತೊಡಗಿತು. ಶ್ರೀರಾಮುಲು ಎರಡು ಹೆಜ್ಜೆ ಹತ್ತಿದರೆ ಮೂರು ಇಳಿಯುತ್ತಿದ್ದ. ಜಾರಿ ಕೂತರೆ ಹರಕೆ ಕೆಟ್ಟೀತು ಅಂತ ಇಬ್ಬರು ಕಂಕುಳಿಗೆ ಕೈ ಕೊಟ್ಟು ಎತ್ತಿ ನಿಲ್ಲಿಸುತ್ತಿದ್ದರು. ಇವರೆಲ್ಲ ಯಾಕೆ ಬಂದರು, ಬೆಂಗಳೂರಿನ ಸಂಘದವರು ಇಲ್ಲಿಗೂ ಕಾಗದ ಹಾಕಿದರೋ ಏನೋ, ಅವನಿಗೆ ಒಂದೂ ತಿಳಿಯಲಿಲ್ಲ. ಬಾಯಿ ಬಿಡುವ ಹಾಗೂ ಇಲ್ಲ. ಬಿಸಿಲಿನಲ್ಲಿ ತಣ್ಣೀರು ಸುರಿಸಿಕೊಂಡ ಎಮ್ಮೆಯ ಹಾಗೆ ಕಣ್ಣು ಬಿಟ್ಟುಕೊಂಡು ಹತ್ತಿದ.

ತುದಿ ಮುಟ್ಟಿದಾಗ ಸೂರ್ಯ ನೆತ್ತಿ ದಾಟಿದ್ದ. ಪೂಜಾರಿ ಪೋತಪ್ಪ ಗುಂಡನ್ನು ಇಳಿಸಿಕೊಂಡು ಅಮ್ಮನ ಮುಂದಿಟ್ಟ. ಶ್ರೀರಾಮುಲು ಜೇಬಿನಿಂದ ಒದ್ದೆ ಫಾರಂ ತೆಗೆದು, ಯಾರಾದರೂ ಇಬ್ಬರು ಸಹಿ ಹಾಕಿ ಅಂದ. ಇನ್ನೂರು ಜನ ಸಾಕ್ಷಿ ಇದ್ದರು, ಒಬ್ಬನೂ ಪೆನ್ನು ಮುಟ್ಟಲಿಲ್ಲ. ಹರಕೆ ಹೊತ್ತದ್ದನ್ನು ಕಾಗದದ ಮೇಲೆ ಬರೆದರೆ ಫಲ ಆ ಕಾಗದಕ್ಕೇ ಹೋಗುತ್ತದೆ ಅಂತ ಪೋತಪ್ಪ ಬಿಡಿಸಿ ಹೇಳಿದ. ಹರಕೆ ಅನ್ನುವ ಮಾತು ಶ್ರೀರಾಮುಲುವಿನ ಕಿವಿಗೆ ಬಿದ್ದದ್ದು ಆವಾಗಲೇ.

"ಏನು ಕೇಳ್ಕೊಂಡೆ ಅಂತ ಈಗ ಅಮ್ಮನ ಮುಂದೆ ಹೇಳ್ಬೇಕು ಕಣಪ್ಪ" ಅಂದ ಪೋತಪ್ಪ.

ನಿಜ ಹೇಳಿಬಿಡೋಣ ಅಂತ ಶ್ರೀರಾಮುಲು ಬಾಯಿ ತೆರೆದ. ಎದುರಿಗೆ ಮಾವ ಬಂದು ನಿಂತಿದ್ದ. ಮಗ್ಗದಿಂದ ಎದ್ದವನು ಹಾಗೇ ಓಡಿ ಬಂದಿದ್ದ, ಬೆರಳಿಗೆ ಕೆಂಪು ರೇಷ್ಮೆ ಎಳೆ ಸುತ್ತಿಕೊಂಡೇ ಇತ್ತು. ಮಗಳಿಗೆ ಏನಾಯಿತೋ ಅಂತ ಮುಖ ಬಿಳಿಚಿತ್ತು. ಆ ಮುಖಕ್ಕೆ ಹಿಮಾಲಯ ಅಂತ ಹೇಗೆ ಹೇಳುವುದು?

"ಮಳೆಗೆ" ಅಂದ ಶ್ರೀರಾಮುಲು.

ಮಳೆ ಕಾಣದೆ ಒಣಗಿದ ಸೀಮೆ ಅದು, ಇನ್ನೂರು ಜನ ಒಟ್ಟಿಗೆ ಕೈ ಮುಗಿದರು. ಪೋತಪ್ಪ ಅವನ ಹಣೆಗೆ ಕುಂಕುಮ ಇಟ್ಟ. ಆಮೇಲೆ ಹರಕೆಯ ಕಟ್ಟಳೆ ಹೇಳಿದ. ಕೇಳಿದ್ದು ಕೈಗೆ ಬರುವ ತನಕ ಹರಕೆ ಹೊತ್ತವನು ಊರ ಎಲ್ಲೆ ದಾಟಬಾರದು.

"ನಂಗೆ ಹನ್ನೆರಡನೇ ತಾರೀಕು ಬೇರೆ ಕಡೆ ಕೆಲಸ ಐತೆ" ಅಂದ ಶ್ರೀರಾಮುಲು.

"ಮಳೆಗಿಂತ ದೊಡ್ಡ ಕೆಲಸ ಯಾವ್ದಪ್ಪ?" ಅಂದ ಪೋತಪ್ಪ. ಶ್ರೀರಾಮುಲು ಒದ್ದೆ ಫಾರಂ ಮಡಚಿ ಜೇಬಿಗಿಟ್ಟ.

ಅಷ್ಟು ಹೊತ್ತಿಗೆ ಸರಸ್ವತಮ್ಮ ಸೊಂಟದ ಮೇಲೆ ತುಂಬಿದ ಬಿಂದಿಗೆ ಇಟ್ಟುಕೊಂಡು ಬಂದಳು. ಹರಕೆ ಹೊತ್ತ ಮನೆಯ ಹೆಂಗಸೂ ಬರಿಹೊಟ್ಟೆಯಲ್ಲಿ, ಬಾಯಿ ಬಿಡದೆ, ಎಲ್ಲೂ ಕೂರದೆ ಕೆಳಗಿನ ಬಾವಿಯಿಂದ ಅಮ್ಮನ ಮೀಸಲಿಗೆ ನೀರು ತರಬೇಕು ಅಂತ ಪೋಲಮ್ಮ ಹೇಳಿದ್ದಳು. ಅಮ್ಮನ ತಲೆಯ ಮೇಲೆ ನೀರು ಹುಯ್ದು, ಖಾಲಿ ಬಿಂದಿಗೆಯನ್ನು ಗಂಡನ ಕೈಗಿತ್ತು, ತನ್ನ ಒರಳುಗುಂಡನ್ನು ನೋಡಿದಳು. ಆಚೆಯಿಂದ ಅಂಥದೇ ಒಂದು ಕಲ್ಲು ತಂದು ಅದರ ಜಾಗದಲ್ಲಿಟ್ಟಳು.

"ತಾಯಿ, ನಿನಗೆ ಯಾವ ಕಲ್ಲಾದ್ರೂ ಕಲ್ಲೇ. ನಂಗೆ ಇದಿಲ್ದೆ ಹಿಟ್ಟು ನುಣ್ಣಗಾಗಾಕಿಲ್ಲ."

ಪೋತಪ್ಪ ಯೋಚನೆ ಮಾಡಿ ತಲೆ ಅಲ್ಲಾಡಿಸುವಷ್ಟರಲ್ಲಿ ಆಕೆ ಗುಂಡನ್ನು ಸೊಂಟಕ್ಕೇರಿಸಿ ಅರ್ಧ ಬೆಟ್ಟ ಇಳಿದಿದ್ದಳು.

ಕೆಳಗೆ ಡಾಕ್ಟರು ಶ್ರೀರಾಮುಲುವಿನ ನಾಡಿ ಹಿಡಿದರು. ಹತ್ತಿ ಇಳಿಯೋಕೆ ನಾಲ್ಕೂವರೆ ಗಂಟೆ ಹಿಡಿದಿದೆ, ಇಳಿಯುವಾಗ ಭಾರ ಇಲ್ಲ, ನಾಡಿ ಉರುಮೆ ಬಡಿದಂತೆ ಬಡೀತಿದೆ, ಸಹಿ ಆಗೋದಿಲ್ಲ ಅಂದರು. ಟಪಾಲು ಹೋಗಲು ಇನ್ನು ಅರ್ಧ ಗಂಟೆ ಇತ್ತು. ಅವರು ಫಾರಂ ತಿರುವಿ ಕೊನೆಯ ಸಾಲು ಓದಿದರು. ಆಮೇಲೆ ಗುಂಡಿನ ಮೇಲೆ ಕೈ ಇಟ್ಟುಕೊಂಡು ಬೇವಿನ ನೆರಳಲ್ಲಿ ಕೂತಿದ್ದ ಸರಸ್ವತಮ್ಮನ ಕಡೆ ನೋಡಿದರು.

"ಈಯಮ್ಮ ತುಂಬಿದ ಬಿಂದಿಗೆ ಹೊತ್ತು ಹತ್ತಿದ್ದು, ಗುಂಡು ಹೊತ್ತು ಇಳಿದದ್ದು, ಎಲ್ಲ ಸೇರಿ ಒಂದೂಮುಕ್ಕಾಲು ಗಂಟೆ" ಅಂದು ಆಕೆಯ ನಾಡಿ ಹಿಡಿದರು. "ಜಯರಾಮಪ್ಪನೋರೇ, ನಿಮ್ಮ ಮನೆಯಾಕೆನ ಹಿಮಾಲಯಕ್ಕೆ ಕಳಿಸ್ತೀರಾ?"

ಶ್ರೀರಾಮುಲು ಕಣ್ಣು ಮುಚ್ಚಿಕೊಂಡ. ಜಯರಾಮಪ್ಪ ಬಿಂದಿಗೆಯನ್ನು ಮೆಲ್ಲಗೆ ಕೆಳಗಿಟ್ಟ. ಅದರ ಪಕ್ಕ ತಾನೂ ಕೂತ. ಹೆಂಡತಿಯ ಮುಖ ನೋಡಿದ, ಗುಂಡಿನ ಮುಖ ನೋಡಿದ.

"ಗಂಡಸರು ಹೋದ್ರೆ ಸನ್ಯಾಸ" ಅಂದ ಕೊನೆಗೆ. "ಹೆಂಗಸರು ಹೋದ್ರೆ ಯಾತ್ರೆ. ಒರಳು ಬಿಟ್ಟು ಅವ್ರು ಎಲ್ಲಿ ಉಳೀತಾರೆ. ಹೋಯ್ತೀಯೇನೇ?"

ಸರಸ್ವತಮ್ಮ ಡಾಕ್ಟರ ಕೈಯಿಂದ ಚಿತ್ರ ಇಸಕೊಂಡು ಇನ್ನೊಂದು ಸಲ ನೋಡಿದಳು. "ಹೋಯ್ತೀನಿ."

"ಹಂಗಾದ್ರೆ ನಮ್ಮಣ್ಣ ಸಿಕ್ರೆ ಕಿವಿ ಹಿಡ್ಕೊಂಡು ಕರ್ಕೊಂಡು ಬಾ."

ಈಕೆ ಹೊತ್ತದ್ದು ಹರಕೆಯಲ್ಲ, ಆದ್ದರಿಂದ ಸಹಿಗೆ ಅಡ್ಡಿ ಇರಲಿಲ್ಲ. ಜನರ ಜೊತೆ ಇಳಿದು ಬಂದಿದ್ದ ಪೋತಪ್ಪ ಇಷ್ಟಗಲ ಸಹಿ ಹಾಕಿದ. ಪೋಲಮ್ಮ ಹೆಬ್ಬೆಟ್ಟು ಒತ್ತಿದಳು. ಫಾರಂ ಟಪಾಲಿಗೆ ಬಿತ್ತು.

ಇನ್ನು ಕಾಲಿಗೇನು ಅಂತ ಮಾತು ಬಂತು. ಶ್ರೀರಾಮುಲು ಕೊರಳಿನಿಂದ ಬೂಟು ತೆಗೆದು ಅತ್ತೆಯ ಮುಂದಿಟ್ಟ. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತವು. ಸರಸ್ವತಮ್ಮ ನಾಲ್ಕು ಹೆಜ್ಜೆ ನಡೆದು ನೋಡಿ, ತಿರುಗಿ ಬಂದು, ಒರಳುಗುಂಡನ್ನು ಎತ್ತಿ ಅವನ ಮಡಿಲಿಗಿಟ್ಟಳು.

"ಅಕ್ಕಿ ನೆನೆಹಾಕಿವ್ನಿ ಅಳಿಯಂದ್ರೇ. ಮಳೆ ಬರೋಗಂಟ ಇಲ್ಲೇ ಇರ್ತೀರಲ್ಲ, ನಿಮ್ಮ ಮಾವಂಗೆ ದೋಸೆ ಹಿಟ್ಟು ನುಣ್ಣಗಿರ್ಬೇಕು."

ಶ್ರೀರಾಮುಲು ಗುಂಡು ಹಿಡಿದುಕೊಂಡು ತಲೆ ಎತ್ತಿದ. ಕಲ್ಯಾಣದುರ್ಗದ ಆಕಾಶ ತಿಕ್ಕಿ ತೊಳೆದು ಬೋರಲು ಹಾಕಿದ ತಟ್ಟೆಯ ಹಾಗಿತ್ತು. ಒಂದು ಚೂರು ಮೋಡ ಇರಲಿಲ್ಲ.