ಮಾವನ ಸರ್ಚ್ ಡೊಮೈನು

ನನ್ನ ಸೋದರಮಾವನನ್ನು ನಿವೃತ್ತಿ ಮಾಡಿಸುವುದು ಭಾರತ ಸರ್ಕಾರದ ಕೈಯಲ್ಲೂ ಆಗಲಿಲ್ಲ! ಪಾಪ, ಆದೇಶ ಹೊರಡಿಸಿತು, ಹಾರ ಹಾಕಿತು, ಶಾಲು ಹೊದಿಸಿತು, ಕೈಮುಗಿದು ಕಳಿಸಿಕೊಟ್ಟಿತು. ಮಾವ ಬಿಬಿಡಿ ಬಾಗ್‌ನ ಕಚೇರಿಯಿಂದ ಬಾರಾನಗರದ ಮನೆಗೆ ಬಂದದ್ದೂ ನಿಜ. ಆದರೆ ಅವರ ಬೆನ್ನಿಗೇ ಕಚೇರಿಯೂ ಬಂದುಬಿಟ್ಟರೆ ಯಾರೇನು ಮಾಡಲಾದೀತು?

ಈಗಲೂ ಬೆಳಿಗ್ಗೆ ಹತ್ತಕ್ಕೆ ಇಸ್ತ್ರಿ ಶರ್ಟು ತೊಟ್ಟು, ಜೇಬಿಗೆ ಪೆನ್ನು ಸಿಕ್ಕಿಸಿ, ಹಾಲ್‌ನಲ್ಲಿರುವ ಕಂಪ್ಯೂಟರಿನ ಮುಂದೆ ಹಾಜರು. ತರಕಾರಿಗೆ ಹೋದರೂ ಸರ್ಕಾರಿ ಪದ್ಧತಿಯೇ. ಒಮ್ಮೆ ಪಟೋಲ್ ಕೊಳ್ಳಲು ಹೊರಟರು. ತೊಂಡೆಕಾಯಿಯ ದೊಡ್ಡಣ್ಣನಂಥ ತರಕಾರಿ ಅದು. ಅದಿಲ್ಲದೆ ಇಲ್ಲಿ ಯಾವ ಬಂಗಾಳಿ ಮನೆಯ ಬೇಸಿಗೆಯೂ ಕಳೆಯುವುದಿಲ್ಲ. ಮಾವ ಮೂವರ ಹತ್ತಿರ ದರ ಕೇಳಿ, ಮೂರನ್ನೂ ಹೋಲಿಸಿ, ಮತ್ತೆ ಮೊದಲನೆಯವನ ಮುಂದೆ ನಿಂತರು. ಅವನು ಕೈಮುಗಿದ. "ದಾದಾ, ಪಟೋಲ್ ಲೇಂಗೇ ಯಾ ಟೆಂಡರ್ ನಿಕಾಲೇಂಗೇ?" ಅಣ್ಣಾ, ಪಟೋಲ್ ಕೊಳ್ಳುತ್ತೀರೋ, ಟೆಂಡರ್ ಕರೆಯುತ್ತೀರೋ ಎಂದು! ಪಾಡಾದವರೆಲ್ಲ, ಅಂದರೆ ನಮ್ಮ ಕೇರಿಯವರೆಲ್ಲ, ನಕ್ಕರು. ಮಾವ ಮಾತ್ರ ಗಂಭೀರವಾಗಿ ಕಡಿಮೆ ದರದ ಎರಡನೆಯವನಲ್ಲಿಗೆ ನಡೆದರು.

ಇಂಥವರಿಗೆ ನಮ್ಮ ಅತ್ತೆ ಹೇಗೆ ಗಂಟುಬಿದ್ದರೋ! ಅತ್ತೆ ಹಾಡುಗಾರ್ತಿ. ಇಲ್ಲಿನ ಕನ್ನಡದವರ ಮನೆಗಳಲ್ಲಿ ಅವರ ದೇವರನಾಮವಿಲ್ಲದೆ ಗೌರಿಗೆ ಆರತಿ ಎತ್ತುತ್ತಿರಲಿಲ್ಲ. ಹೋದ ವರ್ಷ ಪಾರ್ಶ್ವವಾಯು ಬಡಿಯಿತು. ಮಾತು ನಿಧಾನವಾಗಿ ಮರಳಿತು, ಹಾಡು ಮರಳಲಿಲ್ಲ. ಬಲಗೈ ಏಳುವುದಿಲ್ಲ. ತಮ್ಮದೇ ಹಳೆಯ ಹಾಡು ಕೇಳಬೇಕೆಂದರೂ ಯಾರನ್ನಾದರೂ ಕರೆಯಬೇಕು.

"ಎಲ್ಲದಕ್ಕೂ ಇನ್ನೊಬ್ರನ್ನ ಕೇಳೋ ಹಾಗಾಯ್ತಲ್ಲೋ. ಇದೊಂದಾದ್ರೂ ನಾನೇ ಮಾಡ್ಕೊಳ್ಳೋ ಹಾಗಿದ್ದಿದ್ರೆ..." ಎಂದು ಒಂದು ಭಾನುವಾರ ನನ್ನೆದುರು ಕಣ್ಣೊರೆಸಿಕೊಂಡರು. ಪೇಪರಿನ ಹಿಂದಿದ್ದ ಮಾವನ ಕಿವಿಗೂ ಅದು ಬಿತ್ತು.

ಅಷ್ಟೇ, ಕಾಮಗಾರಿ ಶುರು! ಗೆಳತಿಯರು ಮೊಬೈಲಿನಲ್ಲಿ ಹಿಡಿದಿಟ್ಟಿದ್ದ ಅತ್ತೆಯ ಹಾಡುಗಳನ್ನೆಲ್ಲ ಮಾವ ತರಿಸಿಕೊಂಡರು. ಕೇಳುವ ಗೋಜಿಗೇ ಹೋಗದೆ, ಕಡತಗಳ ಹಾಗೆ ನಂಬರು ಹಾಕಿ, ಮಂಚದ ಕೆಳಗಿನ ಇನ್ನೊಂದು ಹಳೇ ಕಂಪ್ಯೂಟರಿಗೆ ತುಂಬಿದರು. ಅತ್ತೆಯ ಎಡಗೈಗೆ ಮೌಸು ನಿಲ್ಲುವುದಿಲ್ಲ. ಒಂದು ಬೆರಳಿನಲ್ಲಿ ಒಂದೊಂದೇ ಕೀಲಿ ಒತ್ತಬಲ್ಲರು. ಆದ್ದರಿಂದ ಹಾಲ್‌ನ ಕಂಪ್ಯೂಟರಿನಲ್ಲಿ 'ಹಾಡು' ಎಂದಷ್ಟೇ ಒತ್ತಿದರೆ ಹಾಡು ಬರಬೇಕು, ಇದು ಮಾವನ ಯೋಜನೆ.

"ಅಷ್ಟು ಚಿಕ್ಕ ಹೆಸರಿಗೆ ಸಿಗುತ್ತಾ ಮಾವ?"

"ಸಿಗದೇ ಏನೋ? ನಮ್ಮ ಪಾಡಾದಲ್ಲಿ ಬಾಪಿ ಅಂತ ಕೂಗಿದ್ರೆ ಮೂಲೆಮನೆ ಡಾಕ್ಟರು ಓಡಿ ಬರಲ್ವೇ? ಅದು ಅವರ ಡಾಕ್ ನಾಮ್, ಮನೇಲಿ ಕರೆಯೋ ಹೆಸರು. ಆಸ್ಪತ್ರೇಲಿ ಹೋಗಿ ಬಾಪಿ ಎಲ್ಲಿ ಅಂದ್ರೆ ಯಾರಿಗ್ ಗೊತ್ತಾಗುತ್ತೆ? ಅಲ್ಲಿ ಪೂರ್ತಿ ಹೆಸರು ಬೇಕು. ಕಂಪ್ಯೂಟರ್‌ಗೂ ಅಷ್ಟೇ ಕಣೋ. ಚಿಕ್ಕ ಹೆಸರು ಕೊಟ್ರೆ ಹಿಂದೊಂದು ಬಾಲ ತಾನೇ ಸೇರಿಸ್ಕೊಂಡು ಹುಡುಕುತ್ತೆ. ಆ ಬಾಲಾನೇ ಸರ್ಚ್ ಡೊಮೈನು!"

ಐಟಿ ಕಂಪನಿಯಲ್ಲಿ ಸಂಬಳ ಎಣಿಸುವ ನನಗೂ ಯಾರೂ ಇಷ್ಟು ಚೆನ್ನಾಗಿ ಹೇಳಿಕೊಟ್ಟಿರಲಿಲ್ಲ.

ಅತ್ತೆ ತಡವರಿಸುತ್ತ ಒತ್ತಿದರು. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ತಾವೇ ತಪ್ಪು ಒತ್ತಿದೆವೆಂದು ಅತ್ತೆ ಎಲ್ಲ ಅಳಿಸಿ ಮತ್ತೆ ಒತ್ತಿದರು. ಮತ್ತೆ ಅದೇ ಚಕ್ರ.

"ಬಿಡಿ, ನನ್ ಕೈಲಾಗಲ್ಲ" ಎಂದು ಕೀಬೋರ್ಡು ಸರಿಸಿಬಿಟ್ಟರು.

ನಾನು ಸೆಟ್ಟಿಂಗ್ಸ್ ತೆರೆದು ನೋಡಿದೆ. ಬಾಲ ಒಂದಲ್ಲ, ಎರಡು! ಎರಡನೆಯದು ಮಾವ ಹೊಸದಾಗಿ ಹಾಕಿದ 'ಮನೆ'. ಮೊದಲನೆಯದು ಅವರ ಕಚೇರಿಯದು, ಮನೆಯಿಂದ ಕೆಲಸ ಮಾಡುತ್ತಿದ್ದ ಕಾಲದಲ್ಲಿ ಹಾಕಿದ್ದು. ಅಂದರೆ ಈ ಕಂಪ್ಯೂಟರು ಅತ್ತೆಯ ಹಾಡನ್ನು ಹುಡುಕಿಕೊಂಡು ಮೊದಲು ಬಿಬಿಡಿ ಬಾಗ್‌ಗೆ ಹೋಗಿ, ಉತ್ತರಕ್ಕಾಗಿ ಕಾದು ಕಾದು, ಆಮೇಲೆ ಮಂಚದ ಕೆಳಗೆ ನೋಡುತ್ತಿತ್ತು. ಸರ್ಕಾರಿ ಕಚೇರಿ ಅಷ್ಟು ಬೇಗ ಉತ್ತರ ಕೊಡುವುದುಂಟೇ?

"ಮಾವ, ಈ ದರಿದ್ರ ಕಂಪ್ಯೂಟರು ಮೊದಲು ನಿಮ್ಮ ಆಫೀಸಲ್ಲಿ ಹುಡುಕ್ತಿದೆ. ಆ ಹೆಸರು ತೆಗೆದುಬಿಡೋಣ."

"ಅದ್ಯಾಕೋ? ಇರ್ಲಿ ಬಿಡು. ಸೀನಿಯಾರಿಟಿ ಪ್ರಕಾರ ಅದೇ ಮೊದಲು."

ಅತ್ತೆ ಮೆಲ್ಲಗೆ ಹೇಳಿದರು. "ಕಂಪ್ಯೂಟರ್‌ನ ಯಾಕೆ ಬೈತೀಯೋ? ಅದೂ ಇವರ ಹಾಗೇ. ಮೊದಲು ಆಫೀಸು, ಆಮೇಲೆ ಮನೆ."

ನಾನು ಜೋರಾಗಿ ನಕ್ಕೆ. ನಕ್ಕವನು ನಾನೊಬ್ಬನೇ ಎಂದು ಆಮೇಲೆ ತಿಳಿಯಿತು.

ಮಾವ ನನ್ನ ಕೈಯಿಂದ ಮೌಸು ತೆಗೆದುಕೊಂಡರು. ಕಚೇರಿಯ ಹೆಸರಿನ ಮೇಲೆ ಬಾಣ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅವರೇ ಅದನ್ನು ಅಳಿಸಿದರು.

"ಈಗ ಒತ್ತು" ಎಂದರು.

ಅತ್ತೆ ಒತ್ತಿದರು. ತಕ್ಷಣ ಹಾಡು ಬಂತು; ತುಂಬುಗಂಠದ, ಏರಿ ಇಳಿದು ಮನೆಯೆಲ್ಲ ಓಡಾಡುವ ಅತ್ತೆಯ ಹಾಡು. ಅತ್ತೆ ತಮ್ಮ ಬೆರಳನ್ನೇ ನೋಡಿಕೊಂಡರು. ಮಾವ ಕುರ್ಚಿ ಎಳೆದುಕೊಂಡು ಅವರ ಪಕ್ಕ ಕೂತರು. ಮುಗಿಯುವವರೆಗೂ ಅಲುಗಲಿಲ್ಲ.

"ಇದು ಯಾವಾಗ ಹಾಡಿದ್ದೇ? ನಾನು ಕೇಳೇ ಇಲ್ವಲ್ಲ!"

"ಯಾವಾಗ್ಲೂ ಹಾಡ್ತಿದ್ದೆ. ನೀವು ಆಫೀಸಲ್ಲಿರ್ತಿದ್ರಿ."

ಮಾವ ಕನ್ನಡಕ ತೆಗೆದು ಶರ್ಟಿನ ತುದಿಯಿಂದ ಒರೆಸಿಕೊಂಡರು. ಅತ್ತೆಯ ಬಲಗೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

"ಇನ್ನೊಂದ್ಸಲ ಒತ್ತೇ" ಎಂದರು. "ನಾನಿಲ್ಲೇ ಇದೀನಿ."