ಕುಲಪತಿಗಳಿಗೆ ವಿಲೀನಗೊಂಡ ಗಂಡನೊಬ್ಬನ ಅಹವಾಲು

ನಾಲ್ಕು ಕಾಲೇಜುಗಳನ್ನು ಕರಗಿಸಿ ಎರಕ ಹೊಯ್ದ ನಮ್ಮ ತಾಂತ್ರಿಕ ಮಹಾವಿಶ್ವವಿದ್ಯಾಲಯದ ಪರಮಪೂಜ್ಯ ಕುಲಪತಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ಗೇಟಿನ ಕಮಾನಿನಲ್ಲಿ ಹಿಡಿಸದೆ ಕಾವಲುಗಾರನ ಕೋಣೆಯ ಗೋಡೆಯವರೆಗೂ ಹಬ್ಬಿರುವ ನಮ್ಮ ಹೊಸ ಹೆಸರೂ ಕ್ಷೇಮವಾಗಿದೆ; ಕಾವಲುಗಾರ ಸೆಕೆ ತಾಳಲಾರದೆ ಕಿಟಕಿ ತೆರೆದಾಗ ಕೊನೆಯ ಎರಡಕ್ಷರ ಮರೆಯಾಗುತ್ತವೆ, ಅಷ್ಟೆ.

ವಿಲೀನಕ್ಕೆ ಮುಂಚೆ ರಸ್ತೆಯ ಈಚೆಗಿನ ಕಾಲೇಜಿನಲ್ಲಿ ನಾನು ಸಿವಿಲ್ ವಿಭಾಗದ ಮುಖ್ಯಸ್ಥನಾಗಿದ್ದೆ, ಆಚೆಗಿನದರಲ್ಲಿ ನನ್ನಾಕೆ ಅದೇ ವಿಭಾಗದ ಮುಖ್ಯಸ್ಥೆ. ಬೆಳಿಗ್ಗೆ ಒಂದೇ ಸ್ಕೂಟರಿನಲ್ಲಿ ಬಂದು, ಸಂಜೆಯವರೆಗೆ ಇನ್ನೊಬ್ಬರ ವಿದ್ಯಾರ್ಥಿಗಳಿಗಿಂತ ತಂತಮ್ಮ ವಿದ್ಯಾರ್ಥಿಗಳೇ ಮೇಲೆಂದು ಸಾಧಿಸಿ, ಅದೇ ಸ್ಕೂಟರಿನಲ್ಲಿ ಜಗಳವಾಡುತ್ತ ಮನೆಗೆ ಮರಳುತ್ತಿದ್ದ ನಮ್ಮ ಸಂಸಾರಕ್ಕೆ ಯಾವ ಕೊರತೆಯೂ ಇರಲಿಲ್ಲ. ಆ ಕೊರತೆಯನ್ನು ತುಂಬಿಕೊಟ್ಟವರು ತಾವು.

ಒಂದು ವಿಭಾಗಕ್ಕೆ ಒಬ್ಬನೇ ಮುಖ್ಯಸ್ಥನೆಂದು ತಮ್ಮ ಸಮನ್ವಯ ಸಮಿತಿ ತೀರ್ಮಾನಿಸಿ, ನನ್ನ ಕೋಣೆಯ ಏಸಿ ಕೀಳುವುದು ಕಷ್ಟವೆಂಬ ಘನವಾದ ಶೈಕ್ಷಣಿಕ ಕಾರಣಕ್ಕೆ ನನ್ನನ್ನೇ ಆರಿಸಿತು. ಅಂದು ಊಟಕ್ಕೆ ಕೂತಾಗ ನನ್ನಾಕೆ, "ಸಾರ್, ನನ್ನ ರಜೆ ಅರ್ಜಿ ಇಲ್ಲೇ ಕೊಡ್ಲಾ, ಆಫೀಸಿಗೇ ತರ್ಲಾ?" ಎಂದಳು. ಮದುವೆಯಾದಾಗಿನಿಂದ ಅವಳು ನನ್ನನ್ನು ಸಾರ್ ಎಂದದ್ದು ಅದೇ ಮೊದಲು. "ಅಪ್ಪಾ, ನೀನು ಈಗ ಅಮ್ಮಂಗೆ ಬಾಸಾ? ಹಾಗಾದ್ರೆ ನಿನ್ ಕಥೆ ಮುಗೀತು," ಎಂದು ಮಗಳು ಸಂತಾಪ ಸೂಚಿಸಿದಳು.

ಅಷ್ಟಕ್ಕೇ ನಿಂತಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಎರಡೂ ಕಡೆ ಒಂದೊಂದು ಪ್ರಯೋಗದ ಕಾಲುವೆ ಇತ್ತು. ಉದ್ದನೆಯ ತೊಟ್ಟಿ, ಅದರಲ್ಲಿ ಮರಳು ಹಾಸಿ ನೀರು ಹರಿಸಿದರೆ, ಪ್ರವಾಹವು ಸೇತುವೆಯ ಕಂಬದ ಬುಡವನ್ನು ಹೇಗೆ ಕೊರೆಯುತ್ತದೆಂದು ವಿದ್ಯಾರ್ಥಿಗಳು ಕಣ್ಣಾರೆ ನೋಡಬಹುದು. ನನ್ನಾಕೆ ತನ್ನ ಕಾಲುವೆಗೆ ಗಾಜಿನ ಗೋಡೆ ಕೂರಿಸಲು ಎಷ್ಟು ವರ್ಷ ಯಾರ್‍ಯಾರ ಬಾಗಿಲು ತಟ್ಟಿದಳೆಂದು ನಾನು ಬಲ್ಲೆ. ಒಂದೇ ಬಗೆಯದು ಎರಡೇಕೆ ಎಂದ ತಮ್ಮ ಸಮಿತಿ ಅವಳದನ್ನೇ ಗುಜರಿಗೆ ಹಾಕಲು ಆದೇಶಿಸಿತು. ಅಂದಿನಿಂದ ಮನೆಯಲ್ಲಿ ಸಾರ್ ಎಂಬ ಮಾತೂ ನಿಂತಿತು.

ನಾನು ಸಮಿತಿಯ ಅಧ್ಯಕ್ಷರ ಬಳಿ ಹೋದೆ. ಇವರನ್ನು ನಾವು ಪ್ರೀತಿಯಿಂದ ಸಮನ್ವಯ ಸಾಹೇಬರು ಎನ್ನುತ್ತೇವೆ, ರಸಾಯನಶಾಸ್ತ್ರದವರು.

"ಸಾರ್, ಅವರ ಕಾಲುವೆ ಉಳಿಸಿ, ನನ್ನದು ತೆಗೀರಿ. ಮುಖ್ಯಸ್ಥೆ ಕೂಡ ಅವರೇ ಆಗ್ಲಿ," ಎಂದೆ.

"ಹೆಂಡ್ತಿ ಪರವಾಗಿ ಮಾತಾಡ್ತಿದೀರಿ."

"ಹೆಂಡ್ತಿ ಅಂತಲ್ಲ ಸಾರ್, ಅವರದ್ದು ಚೆನ್ನಾಗಿದೆ ಅಂತ."

"ಚೆನ್ನಾಗಿದೆ ಅಂತ ಹೇಳ್ತಿರೋದು ಗಂಡ ತಾನೇ?"

ಪಕ್ಷಪಾತದ ಸೋಂಕೂ ತಗಲಬಾರದೆಂದು ಎರಡೂ ಕಾಲುವೆಗಳನ್ನು ಗುಜರಿಗೆ ಹಾಕಲು ಆದೇಶವಾಯಿತು. ಮುಖ್ಯಸ್ಥರ ಕುರ್ಚಿಯ ಭಾರವನ್ನು, ಏಸಿಯ ಸಮೇತ, ಸಾಹೇಬರು ತಾವೇ ಹೊತ್ತುಕೊಂಡರು. ಇಂಥ ನ್ಯಾಯವನ್ನು ನಾನು ಹಿಂದೆಂದೂ ಕಂಡವನಲ್ಲ. ಒಂದೇ ಬಗೆಯದು ಎರಡೇಕೆ ಎಂಬ ಇದೇ ತತ್ವದಂತೆ ನಮ್ಮಿಬ್ಬರ ಎರಡೆರಡು ಕಿವಿ, ಎರಡೆರಡು ಮೂತ್ರಪಿಂಡಗಳನ್ನೂ ಪರಿಶೀಲಿಸಲು ದಯವಿಟ್ಟು ತಜ್ಞರನ್ನು ಕಳುಹಿಸಬೇಕಾಗಿ ವಿನಂತಿ.

ಗುಜರಿ ಲಾರಿ ಬರುವ ದಿನ ನನ್ನಾಕೆ ಗಾಜಿನ ಮೇಲೆ ಕೈಯಿಟ್ಟು ನಿಂತಿದ್ದಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅವಳೇ ತಿರುಗಿ, "ಸುಮ್ನೆ ನೋಡ್ತಾ ನಿಂತ್ರೆ ಆಗಲ್ಲ. ಆ ಕಡೆ ಹಿಡ್ಕೊಳ್ಳಿ," ಎಂದಳು. ಹಿಡಿದುಕೊಂಡೆ. ವಿಲೀನದ ನಂತರವೂ ಒಂದೇ ಬೆಂಚಿನಲ್ಲಿ ಕೂರದಿದ್ದ ಎರಡೂ ಕಡೆಯ ವಿದ್ಯಾರ್ಥಿಗಳು ಓಡಿಬಂದು ಒಂದೊಂದೇ ಗಾಜನ್ನು ಹೊತ್ತು ರಸ್ತೆ ದಾಟಿಸಿದರು. ನನ್ನ ಕಾಲುವೆಯ ಪಂಪು, ಉಕ್ಕಿನ ತಳಪಾಯವೂ ಹಿಂದೆಯೇ ಬಂದವು. ಲಾರಿಯವನಿಗೆ ತುಕ್ಕು ಹಿಡಿದ ಬೀರುಗಳನ್ನು ತುಂಬಿ ಕಳಿಸಿದೆವು. ಅವನು ಸಂತೋಷದಿಂದಲೇ ಹೋದ. ಹಳೆಯ ಸೈಕಲ್ ಶೆಡ್ಡಿನಲ್ಲಿ ಅವಳ ಗಾಜು, ನನ್ನ ಉಕ್ಕು ಸೇರಿ ಈಗ ಒಂದೇ ಕಾಲುವೆಯಾಗಿದೆ. ನಿನ್ನೆ ಮೊದಲ ಬಾರಿ ನೀರು ಬಿಟ್ಟೆವು. ಕಂಬದ ಬುಡದಲ್ಲಿ ಮರಳು ಕರಗತೊಡಗಿದಾಗ ಅವಳು ನನ್ನ ತೋಳು ಹಿಡಿದು, "ನೋಡ್ರೀ!" ಎಂದಳು. ನಾನು ಮರಳನ್ನು ನೋಡಲಿಲ್ಲ, ಅವಳನ್ನೇ ನೋಡಿದೆ.

ಇದನ್ನು ಕೆಡವಲು ತಮಗೆ ಪೂರ್ಣ ಅಧಿಕಾರವಿದೆ. ಆದರೆ ಆ ಶೆಡ್ಡು ನಾಲ್ಕರಲ್ಲಿ ಯಾವ ಕಾಲೇಜಿನದೆಂದು ಮೊದಲು ತೀರ್ಮಾನವಾಗಬೇಕು. ಅದಕ್ಕೊಂದು ಸಮಿತಿ ಬೇಕು. ಅದು ವರದಿ ಕೊಡುವಷ್ಟರಲ್ಲಿ ಇನ್ನೂ ಶಾಲೆಯಲ್ಲಿರುವ ನಮ್ಮ ಮಗಳು ನಿವೃತ್ತಳಾಗಿರುತ್ತಾಳೆ.

ಸದಾ ತಮ್ಮ ವಿಶ್ವಾಸಿ,
ಮಾಜಿ ಮುಖ್ಯಸ್ಥ, ಹಾಲಿ ಗಂಡ

ಮರೆತ ಮಾತು: ಗಾಜೂ ಉಕ್ಕೂ ಕೂಡುವಲ್ಲಿ ಕಾಲುವೆ ಒಂದಿಷ್ಟು ಸೋರುತ್ತದೆ. ಉದ್ಘಾಟನೆಗೆಂದು ಬರುವುದಾದರೆ ಬೂಟು ಬಿಚ್ಚಿ, ಪ್ಯಾಂಟು ಮಡಚಿಕೊಂಡು ಬನ್ನಿ. ಸೋರುವುದನ್ನು ತಡೆಯಲು ಒಬ್ಬರು ಸದಾ ಅಲ್ಲಿ ಕೂತು ಬಟ್ಟೆ ಒತ್ತಿ ಹಿಡಿಯಬೇಕು, ಮತ್ತು ನಮ್ಮಲ್ಲಿ ಸದ್ಯಕ್ಕೆ ಖಾಲಿಯಿರುವ ಹುದ್ದೆ ಅದೊಂದೇ.