ಸಾವಿನ ಮನೆಯ ಬಾಗಿಲಲ್ಲಿ

ಬೆಳಿಗ್ಗೆ ಎದ್ದು ಕಡುಬು ಬೇಯಿಸಿದೆ, ಮಂಜಿಗೆ ಒಣಗದೆ ಉಳಿದ ಬಟ್ಟೆಗಳನ್ನು ಮತ್ತೆ ಹಗ್ಗಕ್ಕೆ ಹಾಕಿದೆ, ನಮ್ಮವರ ಅಂಗಿಗೆ ಗುಂಡಿ ಹೊಲಿದೆ, ಕರಿಮೆಣಸನ್ನು ಮೊರಕ್ಕೆ ಸುರಿದು ಕಡ್ಡಿ ಆರಿಸಿದೆ. ಇಷ್ಟೂ ಕೆಲಸ ಯಾರ ಮನಸ್ಸಿಗೂ ನೋವಾಗದಂತೆ ಮುಗಿಯಿತು. ಯಾಕೆಂದರೆ ಯಾವುದಕ್ಕೂ ನನ್ನ ಬಾಯಿ ಬೇಕಾಗಿರಲಿಲ್ಲ. ಮಧ್ಯಾಹ್ನದ ಮೇಲೆ ಸೀತಕ್ಕನ ಮನೆಗೆ ಹೋದೆ. ಕೆಟ್ಟದ್ದು ಅಲ್ಲಿ.

ನಾನು ಕೆಟ್ಟವಳೇನಲ್ಲ. ಒಳ್ಳೆಯದನ್ನೇ ಹೇಳಲು ಹೊರಡುತ್ತೇನೆ, ಹೊರಗೆ ಬರುವಷ್ಟರಲ್ಲಿ ಅದು ಬೇರೇನೋ ಆಗಿರುತ್ತದೆ. ಪಕ್ಕದ ಮನೆಯವರು ಗೋಡೆಗೆ ಹೊಸ ಬಣ್ಣ ಹೊಡೆಸಿದಾಗ, "ದೂರದಿಂದಲೇ ಗುರುತು ಸಿಗುತ್ತೆ, ಥೇಟ್ ಪೆಟ್ರೋಲ್ ಬಂಕ್!" ಎಂದು ಮನಸಾರೆ ಮೆಚ್ಚಿದೆ. ಎದುರು ಮನೆಯ ಮಗುವನ್ನು ಎತ್ತಿಕೊಂಡು, "ಎಲ್ಲ ಅಜ್ಜಿಯದೇ, ಮೀಸೆ ಒಂದು ಬಾಕಿ" ಎಂದೆ. ಅಜ್ಜಿ ಪಕ್ಕದಲ್ಲೇ ಇದ್ದರು. ಈಗ ಆ ಎರಡೂ ಮನೆಯವರು ನನ್ನನ್ನು ಕಂಡರೆ ಫೋನು ಕಿವಿಗಿಡುತ್ತಾರೆ. ಸುಂಟಿಕೊಪ್ಪದ ನಮ್ಮ ರಸ್ತೆಯಲ್ಲಿ ನನ್ನೊಂದಿಗೆ ಇನ್ನೂ ಮಾತಾಡುವವರೆಂದರೆ ಸೀತಕ್ಕ ಒಬ್ಬರೇ. ಅವರೂ ಮಾತು ಬಿಟ್ಟರೆ ನನಗೆ ಬೆಕ್ಕೇ ಗತಿ.

ನಾವು ಹಾಸನದ ಕಡೆ ಒಂದು ಮದುವೆಗೆ ಹೋಗಿದ್ದಾಗ ಸೀತಕ್ಕನ ಅತ್ತೆ ತೀರಿಹೋದರು. ಮಾತಾಡಿಸಿ ಬರಲು ಇವತ್ತು ಹೊರಟೆವು. ನಮ್ಮವರು ಎಸ್ಟೇಟಿನಲ್ಲಿ ರೈಟರ್. ದಿನವಿಡೀ ಆಳುಗಳಿಗೆ ಕೆಲಸ ಹೇಳಿ ಅಭ್ಯಾಸ. ದಾರಿಯುದ್ದಕ್ಕೂ ನನಗೂ ಹೇಳಿದರು.

"ಚೆನ್ನಾಗಿದ್ದೀರಾ ಅಂತ ಕೇಳ್ಬೇಡ. ಮದುವೆ ಊಟದ ಸುದ್ದಿ ಎತ್ಬೇಡ. ವಯಸ್ಸಾಗಿತ್ತಲ್ಲ ಅಂದ್ಬಿಟ್ಟೀಯ, ಜೋಕೆ."

"ಮತ್ತೆ ಏನ್ ಹೇಳ್ಲಿ?"

"ಏನೂ ಹೇಳ್ಬೇಡ ಮಾರಾಯ್ತಿ. ಕೂತ್ಕೋ. ಎದ್ದೇಳು. ಬಾ."

ಹಾಗೆಯೇ ಮಾಡಿದೆ. ಸೀತಕ್ಕ ನನ್ನ ಕೈ ಹಿಡಿದುಕೊಂಡರು. ನಾನು ತುಟಿ ಬಿಚ್ಚಲಿಲ್ಲ. ಅವರ ಮಾವ, ತೊಂಬತ್ತು ದಾಟಿದ ಅಜ್ಜ, ಜಗಲಿಯ ಕುರ್ಚಿಯಲ್ಲಿ ಮಫ್ಲರ್ ಸುತ್ತಿಕೊಂಡು ಕೂತಿದ್ದರು. ಪಕ್ಕದಲ್ಲಿ ಸಂಪಾಜೆಯಿಂದ ಬಂದ ಅಜ್ಜನ ತಂಗಿ. ನಮ್ಮವರು ಕಣ್ಣಲ್ಲೇ ಶಹಭಾಸ್ ಎಂದು ಎದ್ದು, ಚಪ್ಪಲಿ ಮೆಟ್ಟಿಕೊಂಡರು. ನನಗೆ ಹೆಮ್ಮೆಯಾಯಿತು. ಆ ಹೆಮ್ಮೆಯಲ್ಲೇ ಬಾಗಿಲಲ್ಲಿ ತಿರುಗಿ, ಅಜ್ಜನ ಮುಖ ನೋಡಿ, "ಬರ್ತೀನಿ ಅಜ್ಜ. ಆದಷ್ಟು ಬೇಗ ಬರ್ತೀನಿ" ಎಂದೆ.

ಬೇರೆ ಯಾವ ಮನೆಯಿಂದ ಹೊರಡುವಾಗಲೂ 'ಬರ್ತೀನಿ' ಎನ್ನಬೇಕು. ಸಾವಿನ ಮನೆಯಿಂದ ಮಾತ್ರ ಏನೂ ಹೇಳದೆ ಎದ್ದುಬರಬೇಕು. ಇದು ಚಿಕ್ಕ ಮಕ್ಕಳಿಗೂ ಗೊತ್ತು.

"ಅಯ್ಯೋ ದೇವರೇ! ಇನ್ನು ಬರ್ಲಿಕ್ಕೆ ಎಂತ ಉಂಟು ಈ ಮನೆಗೆ?" ಎಂದರು ಸಂಪಾಜೆಯವರು.

ಅಜ್ಜ ಮಫ್ಲರ್ ಸರಿಮಾಡಿಕೊಂಡು, "ಆಗ್ಲಿ ಮಗಾ. ಅರ್ಜೆಂಟೇನೂ ಇಲ್ಲ" ಎಂದರು.

ಸೀತಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡು ಒಳಗೆ ಹೋದರು. ನಮ್ಮವರು ನನ್ನ ಪರಿಚಯವೇ ಇಲ್ಲದವರಂತೆ ಮುಂದೆ ಮುಂದೆ ನಡೆದರು.

ಮನೆಗೆ ಬಂದು ಸ್ನಾನ ಮಾಡುವಾಗ ಇನ್ನೊಂದು ಹೊಳೆಯಿತು. ತೀರಿಹೋದ ಆ ಅಜ್ಜಿ ನನ್ನನ್ನು ಕರೆದು ಕರೆದು ಕಾಫಿ ಕೊಡುತ್ತಿದ್ದವರು. ಅವರಿಗಾಗಿ ಒಂದು ಹನಿ ಕಣ್ಣೀರೂ ಹಾಕದೆ, ಕೂತಷ್ಟು ಹೊತ್ತೂ ನನ್ನ ಬಾಯಿಯನ್ನೇ ಕಾಯುತ್ತಿದ್ದೆ. ಅದನ್ನಾದರೂ ಸರಿಯಾಗಿ ಕಾದೆನೇ?

ಸಂಜೆ ಗಂಜಿಗೆ ಅಕ್ಕಿ ಇಡುವಾಗ ಸೀತಕ್ಕನ ಫೋನು. ಬೈಸಿಕೊಳ್ಳಲು ಸಿದ್ಧಳಾಗಿ ನಿಂತೇ ತೆಗೆದುಕೊಂಡೆ.

"ಮಾವ ಕೇಳ್ತಾ ಇದ್ದಾರೆ, ಯಾವಾಗ ಬರ್ತೀಯಂತೆ? ಬಂದವರೆಲ್ಲ ಸುಮ್ಮನೆ ಎದ್ದು ಹೋದ್ರು, ಬರ್ತೀನಿ ಅಂದವಳು ಅವಳೊಬ್ಬಳೇ ಅಂತಾರೆ. ನಂಗೆ ಅಲ್ಲಿ ನಗು ತಡೆಯೋಕಾಗ್ದೆ ಒಳಗೆ ಓಡ್ದೆ ಕಣೇ" ಎಂದು ನಕ್ಕರು. ನಗುತ್ತಲೇ ಅಳತೊಡಗಿದರು. "ಅತ್ತೆ ಇದ್ದಿದ್ರೆ ಎಷ್ಟು ನಗ್ತಿದ್ರು..."

ಏನಾದರೂ ಸಮಾಧಾನ ಹೇಳಲೇಬೇಕಲ್ಲ.

"ಅಳ್ಬೇಡಿ ಸೀತಕ್ಕ. ತಪ್ಪಾಯ್ತು. ಮುಂದಿನ ಸಲ ಹೀಗೆ ಮಾಡಲ್ಲ."

ಆ ಕಡೆಯ ಅಳು ಥಟ್ಟನೆ ನಿಂತಿತು. ಈ ಕಡೆ ನಮ್ಮವರು ಹಣೆ ಚಚ್ಚಿಕೊಂಡರು.

"ಫೋನ್ ಇಡೇ," ಎಂದರು ಸೀತಕ್ಕ. "ನಾಳೆ ಬಾ. ಬಾಯಿ ಮನೇಲಿಟ್ಟು ಬಾ."

ರಾತ್ರಿ ಗಂಜಿ, ಕಾಯಿಚಟ್ನಿ, ಸುಟ್ಟ ಹಪ್ಪಳ. ಉಪ್ಪು ಹಾಕಲು ಮರೆತಿದ್ದೆ. ನಮ್ಮವರು ಏನೂ ಹೇಳದೆ ಉಂಡರು, ಹೇಳದಿರುವುದು ಹೇಗೆಂದು ತೋರಿಸಿಕೊಡುವವರಂತೆ. ಗೋಡೆಯ ಕಡೆ ಮುಖ ಮಾಡಿ ಮೊದಲು ಮಲಗಿದವಳು ನಾನು. ಮೊದಲು ನಿದ್ದೆ ಬಂದದ್ದು ಅವರಿಗೆ.